ಎರಡೇ ಗಿಡ ಮಾರಾಯ್ರೆ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ನನ್ನ ವಕೀಲಿ ಕಚೇರಿಗೆ ಗಾಂಜಾ ಗಿಡದ ಕೇಸು ಹಿಡಿದುಕೊಂಡು ಬಂದಿದ್ದರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಬಾಯಲ್ಲಿದ್ದ ಕವಳ ಉಗಿದು ಬಂದು, ಕೂತ ಕೂಡಲೇ ಹೇಳಿದ್ದು ಇಷ್ಟು: "ಎರಡೇ ಗಿಡ ಮಾರಾಯ್ರೆ. ಒಂದು ಕೆ.ಜಿ. ತನಕ ಪರವಾಗಿಲ್ಲ ಅಂತಾರಲ್ಲ?"

ಒಂದು ಕೆ.ಜಿ. ತನಕ ಗಾಂಜಾ ಇಟ್ಟುಕೊಂಡರೆ ಅಪರಾಧವಲ್ಲ ಅನ್ನುವ ಈ ಮಾತು ನನ್ನ ತಲೆ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ. ಕಾಲೇಜು ಹುಡುಗರು ಹೇಳುತ್ತಾರೆ, ಆಟೋದವರು ಹೇಳುತ್ತಾರೆ. ಒಮ್ಮೆ ನನ್ನ ಹತ್ತಿರ ಕಲಿಯಲು ಬಂದ ಜೂನಿಯರ್ ಕೂಡ ಹೇಳಿದ. ಅವತ್ತು ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದೆ.

ವಿಷಯ ಇಷ್ಟೇ. 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಅನ್ನುವ ಕಾಯ್ದೆಯಲ್ಲಿ, ಗಾಂಜಾ ಒಂದು ಕೆ.ಜಿ.ಗಿಂತ ಕಡಿಮೆ ಇದ್ದರೆ ಅದು ಅಲ್ಪ ಪ್ರಮಾಣ. 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಇದು ಶಿಕ್ಷೆ ಅಳೆಯುವ ಕೊಳಗ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣಕ್ಕೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ, 20 ವರ್ಷದವರೆಗೂ ಹೋಗಬಹುದು. ಜಾಮೀನಿನ ದಾರಿಯೂ ತೀರಾ ಇಕ್ಕಟ್ಟು. ಜೇಬಲ್ಲಿ ಹತ್ತು ಗ್ರಾಂ ಸಿಕ್ಕರೂ ಅಪರಾಧವೇ. ಒಂದು ಕೆ.ಜಿ.ವರೆಗೆ ಬಿಟ್ಟಿದ್ದಾರೆ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಇದು ಹೇಗೋ ಅರ್ಥವಾಗುತ್ತದೆ. ಆಗದೇ ಇರುವುದು ಮುಂದಿನದು, ದಯವಿಟ್ಟು ನಿಧಾನವಾಗಿ ಓದಿ. ಈ ಅಳತೆ ಇರುವುದು ಕಿತ್ತು, ಒಣಗಿಸಿ, ಚೀಲಕ್ಕೆ ತುಂಬಿದ ಗಾಂಜಾಕ್ಕೆ. ನೆಲದಲ್ಲಿ ನಿಂತ ಗಿಡಕ್ಕೆ ಬೇರೆ ಲೆಕ್ಕ. ಕಲಂ 20ರ ಮೊದಲ ಮಾತೇ ಗಿಡ ಬೆಳೆಸುವುದರ ಬಗ್ಗೆ. ಅಲ್ಲಿ ಕೆ.ಜಿ. ಇಲ್ಲ, ಗ್ರಾಂ ಇಲ್ಲ, ಎಷ್ಟು ಗಿಡ ಅಂತಲೂ ಇಲ್ಲ. ಶಿಕ್ಷೆ ಹತ್ತು ವರ್ಷದವರೆಗೆ, ದಂಡ ಒಂದು ಲಕ್ಷದವರೆಗೆ. ಅಂದರೆ ಮುಕ್ಕಾಲು ಕೆ.ಜಿ. ಒಣ ಗಾಂಜಾ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಸಿಕ್ಕಿಬಿದ್ದವನಿಗೆ ಹೆಚ್ಚೆಂದರೆ ಒಂದು ವರ್ಷ. ಹಿತ್ತಲಲ್ಲಿ ಒಂದೇ ಗಿಡ ಬೆಳೆಸಿದವನಿಗೆ ಹೆಚ್ಚೆಂದರೆ ಹತ್ತು. ವಿಚಿತ್ರ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸುತ್ತದೆ. ಆದರೆ ಕಲಂ ಇರುವುದೇ ಹಾಗೆ.

ಹತ್ತು ವರ್ಷದವರೆಗೆ ಅಂದ ಮಾತ್ರಕ್ಕೆ ಎಲ್ಲರಿಗೂ ಹತ್ತು ಆಗುತ್ತದೆ ಅಂತ ಹೆದರಬೇಡಿ. ಅದು ಮೇಲಿನ ಮಿತಿ, ಕೆಳಗಿನ ಮಿತಿ ಇಲ್ಲ. ಮಹಜರು ಹೇಗೆ ಬರೆದಿದ್ದಾರೆ, ತೂಕ ಹೇಗೆ ಮಾಡಿದ್ದಾರೆ ಅನ್ನುವುದೂ ಮುಖ್ಯ. ಹಸಿ ಗಿಡವನ್ನು ಬೇರು, ಕಾಂಡ, ಅಂಟಿದ ಕೆಮ್ಮಣ್ಣಿನ ಸಮೇತ ತೂಗಿದ ಪ್ರಕರಣ ನೋಡಿದ್ದೇನೆ. ಪ್ರತಿ ಕೇಸೂ ಬೇರೆ. ಇದನ್ನು ಓದಿ ನೀವೇ ತೀರ್ಮಾನಕ್ಕೆ ಬರಬೇಡಿ, ನಿಮ್ಮ ವಕೀಲರನ್ನು ಕೇಳಿ.

ಗೌಡರ ಜೊತೆ ಅವರ ತಂಗಿಯ ಮಗನೂ ಬಂದಿದ್ದ. ಬೆಂಗಳೂರಿನ ಹುಡುಗ, ಚುರುಕು. ಮೊಬೈಲು ಹಿಡಿದು ನನಗೇ ಪಾಠ ಮಾಡಿದ. ಕೆನಡಾದಲ್ಲಿ 2018ರಲ್ಲೇ ಕಾನೂನುಬದ್ಧ. ಜರ್ಮನಿಯಲ್ಲಿ 2024ರಿಂದ ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. 2020ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತ್ತು. ಉತ್ತರಾಖಂಡದಲ್ಲಿ ಬೆಳೆಯಲು ಅನುಮತಿಯೇ ಇದೆ. ಎಲ್ಲವೂ ನಿಜ. ಥಾಯ್ಲೆಂಡ್ 2022ರಲ್ಲಿ ಬಾಗಿಲು ತೆರೆದು 2025ರಲ್ಲಿ ಮತ್ತೆ ವೈದ್ಯರ ಚೀಟಿ ಬೇಕು ಅಂದಿದ್ದನ್ನು ಮಾತ್ರ ಅವನು ಓದಿರಲಿಲ್ಲ. ಉತ್ತರಾಖಂಡದ್ದು ನಾರು, ಬೀಜಕ್ಕೆ ಬೆಳೆಯುವ ಸೆಣಬಿನಂಥ ಜಾತಿ. ನಶೆಯ ಅಂಶ ಶೇ. 0.3 ಮೀರುವಂತಿಲ್ಲ, ಪರವಾನಗಿ ಬೇಕು. ಮಾವನ ಅಡಿಕೆ ತೋಟಕ್ಕೂ ಅದಕ್ಕೂ ಏನು ಸಂಬಂಧ?

ಚರ್ಚೆ ಬೇಡ ಅನ್ನುವವನು ನಾನಲ್ಲ. ಒಂದು ಗಿಡಕ್ಕೂ ಒಂದು ಎಕರೆಗೂ ಒಂದೇ ಕಲಂ ಇರುವುದು ಸರಿಯಲ್ಲ, ಸೇದುವವನಿಗೆ ಜೈಲಿಗಿಂತ ಡಾಕ್ಟರು ಬೇಕು ಅಂತ ಬಾರ್ ರೂಮಿನಲ್ಲಿ ಎಷ್ಟೋ ಸಲ ಜಗಳ ಆಡಿದ್ದೇನೆ. ಹಾಗಂತ ಅಂಗಡಿಯಲ್ಲಿಟ್ಟು ಮಾರಲಿ ಅನ್ನಲು ನನಗೆ ಧೈರ್ಯವಿಲ್ಲ. ಹದಿನೆಂಟರ ಹುಡುಗರ ತಾಯಂದಿರು ಈ ಕಚೇರಿಯಲ್ಲೇ ಸೆರಗಿನಿಂದ ಕಣ್ಣೊರೆಸಿದ್ದನ್ನು ನೋಡಿದ್ದೇನೆ. ಅವರಿಗೆ ಹೇಳುವ ಒಂದೇ ಒಳ್ಳೆಯ ಸುದ್ದಿ ಕಲಂ 64ಎ. ಚಟಕ್ಕೆ ಬಿದ್ದವನು ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟು ಓಡಿಬಂದರೆ ಆ ರಕ್ಷಣೆ ಹೋಗಬಹುದು. ಇದನ್ನು ಕೇಳಲು ಬರುವವರು ಬಹಳ ಕಡಿಮೆ. ಒಂದು ಕೆ.ಜಿ. ಕೇಳುವವರೇ ಜಾಸ್ತಿ.

ಜಮೀನಿದ್ದವರಿಗೆ ಇನ್ನೊಂದು ಮಾತು. ಸಾಗರ, ಸೊರಬ ಕಡೆ ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟು ಆ ಕಡೆ ತಲೆಯೇ ಹಾಕದವರಿದ್ದಾರೆ. ಶುಂಠಿ ಪಟ್ಟೆಯ ನಡುವೆ ಏನು ಎದ್ದಿದೆ ಅಂತ ನೋಡಿ. ನಿಮ್ಮ ಜಮೀನಿನಲ್ಲಿ ಈ ಗಿಡ ಇರುವುದು ಗೊತ್ತಾದರೆ ತಕ್ಷಣ ತಿಳಿಸಬೇಕು ಅಂತ ಕಲಂ 46 ಹೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ನೀವೂ ಶಿಕ್ಷೆಗೆ ಗುರಿ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬೆಳೆದವರು ನೀವೇ ಅಂತ ಆಗುವುದಿಲ್ಲ, ನಿಜ. ಆದರೆ ಅದು ತೀರ್ಮಾನವಾಗುವ ತನಕ ವಾಯಿದೆ ವಾಯಿದೆಗೆ ಶಿವಮೊಗ್ಗದ ಬಸ್ಸು ಹತ್ತುವವರು ನೀವೇ.

ಗೌಡರ ಕಥೆಯೂ ಹಾಗೇ ಆಯಿತು. ಗಿಡ ನೆಟ್ಟಿದ್ದು ಅವರು, ಪಹಣಿ ಇದ್ದದ್ದು ಮಗನ ಹೆಸರಲ್ಲಿ. ದನಕ್ಕೆ ಭೇದಿಯಾದಾಗ ಸೊಪ್ಪು ಬೇಕು ಅಂತ ಅವರಪ್ಪನ ಕಾಲದಿಂದಲೂ ಕೊಟ್ಟಿಗೆ ಹಿಂದೆ ಇತ್ತಂತೆ. ನನಗೆ ಅವರ ಮಾತಿನಲ್ಲಿ ನಂಬಿಕೆ ಇದೆ. ನ್ಯಾಯಾಧೀಶರಿಗೆ ಬರಬೇಕಲ್ಲ.

"ಬರೀ ಸೊಪ್ಪು ಗಾಂಜಾ ಅಲ್ಲವಂತಲ್ಲ?" ಅಂದ ಅಳಿಯ. ಇದೂ ಅರ್ಧ ಸರಿ. ಹೂವಿನ ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಈ ಕಾಯ್ದೆಯ ಗಾಂಜಾ ವ್ಯಾಖ್ಯೆಗೆ ಬರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಭಂಗಿಯ, ಅಂದರೆ ಈ ಸೊಪ್ಪಿನಿಂದ ಮಾಡುವ ಭಾಂಗ್‌ನ, ಪ್ರಕರಣವೊಂದರಲ್ಲಿ ಇದೇ ಆಧಾರದ ಮೇಲೆ ಜಾಮೀನು ಕೊಟ್ಟಿತು. ಜಾಮೀನು ಅಂದರೆ ಖುಲಾಸೆ ಅಲ್ಲ. ಅಬಕಾರಿ ಕಾಯ್ದೆ ಬೇರೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೊಪ್ಪು ಬರುವುದು ಗಿಡದಿಂದ. ಗಿಡಕ್ಕೆ ಏನು ಕಲಂ ಅಂತ ಮೇಲೆ ಹೇಳಿದೆನಲ್ಲ.

ಅರ್ಧ ಗಂಟೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಗೌಡರು ತಲೆಯಾಡಿಸುತ್ತಾ ಕೇಳಿದರು. ವಕಾಲತ್ತಿಗೆ ಸಹಿ ಹಾಕಿದರು. ಬಾಗಿಲ ತನಕ ಹೋಗಿ, ಕೊಡೆ ಬಿಚ್ಚುತ್ತಾ ತಿರುಗಿ ನಿಂತರು.

"ಹಂಗಾರೆ ಬೀಜ ಇಟ್ಕಂಡ್ರೆ ಎಂತ ತೊಂದರೆ ಇಲ್ಲ ಅಂದಂಗಾಯ್ತಲ್ಲ ವಕೀಲ್ರೇ?"