ಡ್ರಾಯಿಂಗ್ ಹಾಕಿದರೆ ಎಐ ಎಸ್ಟಿಮೇಟ್ ಮಾಡಿಕೊಡುತ್ತದೆಯೇ?

ಪ್ರಶ್ನೆ: ಸಣ್ಣ ಕಟ್ಟಡಗಳ ಗುತ್ತಿಗೆ ಹಿಡಿಯುತ್ತೇನೆ. ಟೆಂಡರ್ ಕಾಗದ, ಡ್ರಾಯಿಂಗ್ ಎಲ್ಲವನ್ನೂ ಎಐಗೆ ಕೊಟ್ಟು ನೇರವಾಗಿ ಎಸ್ಟಿಮೇಟ್ ತೆಗೆಯಬಹುದೇ?

ಉತ್ತರ: ಹಾಗೆ ಬಂದ ಮೊತ್ತ ನೋಡಿ ದರ ಕೊಡಬೇಡಿ. ಚಾಟ್ ಮಾದರಿಯ ಎಐ ಬರಹ ಓದುವುದರಲ್ಲಿ ಚುರುಕು, ಗೆರೆ ಅಳೆಯುವುದರಲ್ಲಿ ಅಷ್ಟಿಲ್ಲ. ತಿಳಿಯದ ಕಡೆ ಖಾಲಿ ಬಿಡದೆ ನಂಬುವಂಥ ಅಂಕಿಯೊಂದನ್ನು ತುಂಬಿಬಿಡುತ್ತದೆ.

ದೊಡ್ಡ ಪೆಟ್ಟು ಬೀಳುವುದು ಸ್ಕೇಲಿನಲ್ಲಿ, ಅಂದರೆ ಡ್ರಾಯಿಂಗಿನ ಅಳತೆಗೂ ನಿಜವಾದ ಅಳತೆಗೂ ಇರುವ ಅನುಪಾತದಲ್ಲಿ. ಎ1 ಹಾಳೆಗೆಂದು 1:100ರಲ್ಲಿ ಬರೆದದ್ದನ್ನು ಎ3ಗೆ ಕುಗ್ಗಿಸಿದರೆ ಅದು 1:200 ಆಗುತ್ತದೆ, ಮೂಲೆಯಲ್ಲಿ ಮಾತ್ರ 1:100 ಎಂದೇ ಉಳಿದಿರುತ್ತದೆ. ಅದನ್ನು ನಂಬಿ ಅಳೆದರೆ 6 ಮೀಟರ್ ಗೋಡೆ 3 ಮೀಟರ್ ಆಗುತ್ತದೆ, ಸ್ಲ್ಯಾಬಿನ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ಕ್ಯಾನ್ ಪ್ರತಿ ಬೇಡ; ಆರ್ಕಿಟೆಕ್ಟ್ ಬಳಿ ಕ್ಯಾಡ್‌ನಿಂದ (ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್) ನೇರವಾಗಿ ತೆಗೆದ ಪಿಡಿಎಫ್ ಕೇಳಿ. ಅಳತೆಗೆಂದೇ ಇರುವ ಟೇಕಾಫ್ ಸಾಫ್ಟ್‌ವೇರ್ ಬಳಸಿದರೂ, ಪ್ರತಿ ಹಾಳೆಯಲ್ಲಿ ಅಂಕಿ ಬರೆದಿರುವ ಒಂದು ಅಳತೆಗೆ ಸ್ಕೇಲ್ ಹೊಂದಿಸಿ. ಆಮೇಲೆ ಉದ್ದಕ್ಕೊಂದು, ಅಗಲಕ್ಕೊಂದು ಅಳತೆ ತಾಳೆ ನೋಡಿ.

ಲೆಕ್ಕ ಎಕ್ಸೆಲ್‌ನಲ್ಲೇ ಇರಲಿ. ಸೂತ್ರ ಬರೆಯಲು ಎಐ ನೆರವು ಪಡೆಯಿರಿ, ಗುಣಾಕಾರವನ್ನು ಎಕ್ಸೆಲ್ಲೇ ಮಾಡಲಿ. ಬಂದ ಅಂಕಿಯನ್ನು ಕೈಲೆಕ್ಕಕ್ಕೆ ಹಿಡಿದು ನೋಡಿ. 1:1.5:3 (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ಕಾಂಕ್ರೀಟಿಗೆ ಘನ ಮೀಟರಿಗೆ 50 ಕೆಜಿಯ ಸುಮಾರು 8 ಚೀಲ ಸಿಮೆಂಟ್, 0.42 ಘನ ಮೀಟರ್ ಮರಳು, 0.84 ಘನ ಮೀಟರ್ ಜಲ್ಲಿ ಬೇಕು. ಎಐ 5 ಚೀಲ ಚಿಲ್ಲರೆ ಎಂದರೆ, ಕಲಸಿದಾಗ ಕುಗ್ಗುವುದರಿಂದ ಒಣ ಸಾಮಗ್ರಿಗೆ ಹಿಡಿಯಬೇಕಾದ 1.54 ಪಟ್ಟು ಬಿಟ್ಟುಹೋಗಿದೆ ಎಂದರ್ಥ. ಕಂಬಿಯ ತೂಕಕ್ಕೆ ಮಿಲಿಮೀಟರ್ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ: 12 ಮಿ.ಮೀ. ಕಂಬಿ ಮೀಟರಿಗೆ 0.89 ಕೆಜಿ. ಪ್ಲಾಸ್ಟರಿಂಗ್‌ನಲ್ಲಿ ಬಾಗಿಲು, ಕಿಟಕಿಯ ಜಾಗ ಎಷ್ಟು ಕಳೆಯಬೇಕೆಂಬುದು ಕರಾರಿನ ಅಳತೆ ನಿಯಮದಲ್ಲಿರುತ್ತದೆ. ಅದನ್ನು ಹೇಳಿಕೊಡದಿದ್ದರೆ ಎಐ ತನಗೆ ತೋಚಿದಂತೆ ಕಳೆಯುತ್ತದೆ.

ನಿಜವಾದ ಲಾಭ ಟೆಂಡರ್ ಓದಿಸುವುದರಲ್ಲಿದೆ. ಇನ್ನೂರು ಪುಟದಲ್ಲಿ ಹೂತಿರುವ ಒಂದು ಷರತ್ತು ಇಡೀ ಕೆಲಸದ ಲಾಭ ನುಂಗಬಲ್ಲದು. ಹೀಗೆ ಕೇಳಿ: “ಬಿಲ್ ಪಾವತಿಯ ಅವಧಿ, ತಡವಾದರೆ ದಂಡ, ತಡೆಹಿಡಿಯುವ ಹಣ, ಎಕ್ಸ್‌ಟ್ರಾ ಕೆಲಸದ ದರ, ಸಾಮಗ್ರಿ ಬೆಲೆ ಏರಿದರೆ ಹೊಂದಾಣಿಕೆ — ಇವುಗಳ ಮೂಲ ವಾಕ್ಯವನ್ನು ಹಾಗೆಯೇ ಎತ್ತಿಕೊಡು. ಪುಟ ಮತ್ತು ಷರತ್ತಿನ ಸಂಖ್ಯೆ ಬರೆ. ಸಿಗದಿದ್ದರೆ ಸಿಗಲಿಲ್ಲ ಎನ್ನು.” ಆಮೇಲೆ ಆ ಪುಟಗಳನ್ನು ನೀವೇ ತೆರೆದು ಓದಬೇಕು, ಇಲ್ಲದ ಷರತ್ತನ್ನು ಇದೆ ಎನ್ನುವುದೂ ಉಂಟು. ತಿದ್ದುಪಡಿ ಪತ್ರಗಳನ್ನೂ ಸೇರಿಸಿ, ಇಲ್ಲದಿದ್ದರೆ ಹಳೆಯ ಷರತ್ತೇ ಕೈಗೆ ಬರುತ್ತದೆ. ಸ್ಪೆಸಿಫಿಕೇಶನ್‌ನಲ್ಲಿದ್ದು (ಕೆಲಸ ಹೇಗಿರಬೇಕೆಂಬ ವಿವರ) ಬಿಒಕ್ಯೂನಲ್ಲಿ (ಐಟಂವಾರು ಪ್ರಮಾಣಗಳ ಪಟ್ಟಿ) ಇಲ್ಲದ ಕೆಲಸಗಳನ್ನೂ ಪಟ್ಟಿ ಮಾಡಿಸಿ. ಅಗೆದ ಮಣ್ಣಿನ ಸಾಗಣೆ, ವಾಟರ್‌ಪ್ರೂಫಿಂಗ್ ಪರೀಕ್ಷೆ, ಅಟ್ಟಣಿಗೆ (ಸ್ಕ್ಯಾಫೋಲ್ಡಿಂಗ್) ಇಂಥವು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ.

ಸೈಟಿನ ದಿನದ ವರದಿಗೂ ಎಐ ಒದಗುತ್ತದೆ: ಮೇಸ್ತ್ರಿ ಫೋನಿನಲ್ಲಿ ಹೇಳಿದ್ದನ್ನು ಬರಹ ಮಾಡಿಕೊಡುತ್ತದೆ. ಗದ್ದಲದಲ್ಲಿ ‘ಎಪ್ಪತ್ತು’ ‘ಎಂಬತ್ತು’ ಆಗಬಹುದಾದ್ದರಿಂದ ಸಂಖ್ಯೆಯನ್ನು ಬಿಡಿಬಿಡಿಯಾಗಿ, ‘ಏಳು ಸೊನ್ನೆ’ ಎಂದು ಹೇಳಿಸಿ.

ಕಂಬಿಯ ವ್ಯಾಸ, ಲ್ಯಾಪ್ ಉದ್ದ (ಎರಡು ಕಂಬಿ ಒಂದರ ಪಕ್ಕ ಒಂದು ಸೇರುವ ಉದ್ದ), ಸೆಂಟ್ರಿಂಗ್ ಬಿಚ್ಚುವ ದಿನ — ಇವನ್ನು ಎಐಗೆ ಕೇಳಲೇಬೇಡಿ. ಅವು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕಾದವು. ತಪ್ಪಿದರೆ ಹೋಗುವುದು ಜೀವ. ನಿಮ್ಮ ದರಪಟ್ಟಿಯನ್ನು ಉಚಿತ ಖಾತೆಗೆ ಹಾಕುವ ಮುನ್ನ, ಅದನ್ನು ತರಬೇತಿಗೆ ಬಳಸದಂತೆ ಸೆಟ್ಟಿಂಗ್ ಬದಲಿಸಿ.

ಶುರು ಮಾಡುವಾಗ ಮುಗಿದ ಕೆಲಸವೊಂದರ ಡ್ರಾಯಿಂಗ್ ಹಾಕಿ. ಬಂದ ಪ್ರಮಾಣಗಳನ್ನು ಅಂತಿಮ ಬಿಲ್ಲಿನ ಅಳತೆಯೊಂದಿಗೆ ಐಟಂವಾರು ಹೋಲಿಸಿ. ಯಾವ ಐಟಂ ಎಷ್ಟು ಜಾರುತ್ತದೆಂದು ತಿಳಿದ ಮೇಲೆ ಹೊಸ ಟೆಂಡರಿಗೆ ಕೈಹಾಕಿ.