ಡೀಲ್ ಮುಗಿದರೂ ಟಾಸ್ಕ್ ಏಕೆ ಮುಗಿಯುವುದಿಲ್ಲ

ಮಾರಾಟ ವಿಭಾಗಗಳಿಂದ ನನಗೆ ಬರುವ ದೂರುಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿರುವುದು ಇದು: ಗ್ರಾಹಕರು ಬೇಡವೆಂದು ಹೇಳಿ ವಾರಗಳೇ ಕಳೆದಿವೆ, ಸಿಆರ್‌ಎಂನಲ್ಲಿ (ಗ್ರಾಹಕರ ಮತ್ತು ಡೀಲುಗಳ ದಾಖಲೆಯಿಡುವ ತಂತ್ರಾಂಶದಲ್ಲಿ) ಆ ಡೀಲನ್ನು ಕೈತಪ್ಪಿದವುಗಳ ಸಾಲಿಗೆ ಸೇರಿಸಿಯೂ ಆಗಿದೆ, ಆದರೂ ‘ಪ್ರಸ್ತಾವನೆಯ ಬಗ್ಗೆ ವಿಚಾರಿಸಿ’ ಎಂಬ ಟಾಸ್ಕ್ ಪ್ರತಿದಿನ ಬೆಳಿಗ್ಗೆ ಪಟ್ಟಿಯ ತುದಿಯಲ್ಲಿ ಗಡುವು ಮೀರಿದ ಕೆಂಪು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತಿದೆ, ಆದ್ದರಿಂದ ಆಟೊಮೇಶನ್ ಕೆಟ್ಟಿದೆ, ಬಂದು ನೋಡಿ. ತೆರೆದು ನೋಡಿದರೆ ಸಾಮಾನ್ಯವಾಗಿ ಏನೂ ಕೆಟ್ಟಿರುವುದಿಲ್ಲ. ಚಾಲನೆಯ ಇತಿಹಾಸದಲ್ಲಿ ಪ್ರತಿಯೊಂದು ಸಾಲೂ ಯಶಸ್ವಿ ಎಂದೇ ಇರುತ್ತದೆ, ಏಕೆಂದರೆ ಟಾಸ್ಕ್ ಸೃಷ್ಟಿಸಬೇಕೆಂದು ಹೇಳಿದವರು ಅದು ಯಾವಾಗ ಮುಗಿಯಬೇಕೆಂದು ಎಲ್ಲಿಯೂ ಹೇಳಿರುವುದಿಲ್ಲ.

ಝ್ಯಾಪಿಯರ್ ಆಗಲಿ, ಮೇಕ್ ಆಗಲಿ, ಪವರ್ ಆಟೊಮೇಟ್ ಆಗಲಿ, ಸಿಆರ್‌ಎಂ ಮತ್ತು ಟಾಸ್ಕ್ ಆ್ಯಪ್ ಎರಡನ್ನು ಬೆಸೆಯುವ ಇಂತಹ ಉಪಕರಣದಲ್ಲಿ ಖಾತೆಗಳನ್ನು ಜೋಡಿಸಿ ಟ್ರಿಗರ್ (ನಿಯಮವನ್ನು ಎಬ್ಬಿಸುವ ಘಟನೆ) ಮತ್ತು ಆಕ್ಷನ್ (ಆಗ ನಡೆಯಬೇಕಾದ ಕೆಲಸ) ಆರಿಸುವುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಅದನ್ನು ಎಲ್ಲರೂ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಎಷ್ಟು ಬಾರಿ ಹೇಳಿದರೂ ಮನಸ್ಸಿನಲ್ಲಿ ನಿಲ್ಲದಿರುವುದು ಮಾತ್ರ ಬೇರೊಂದು ವಿಷಯ. ‘ಡೀಲ್ ಪ್ರಸ್ತಾವನೆಯ ಹಂತಕ್ಕೆ ಬಂದಾಗ ಟಾಸ್ಕ್ ಸೃಷ್ಟಿಸು’ ಎಂಬ ನಿಯಮ ಒಂದು ಘಟನೆಗೆ ಸಂಬಂಧಿಸಿದ್ದೇ ಹೊರತು ಒಂದು ಸ್ಥಿತಿಗೆ ಸಂಬಂಧಿಸಿದ್ದಲ್ಲ. ಡೀಲ್ ಆ ಹಂತದ ಹೊಸ್ತಿಲು ದಾಟಿದ ಕ್ಷಣದಲ್ಲಿ ನಿಯಮ ಒಮ್ಮೆ ಎಚ್ಚರಗೊಳ್ಳುತ್ತದೆ, ಆಗ ಕಂಡ ಹೆಸರು, ಮೊತ್ತ, ದೂರವಾಣಿ ಸಂಖ್ಯೆ, ಹೊಣೆಗಾರರ ವಿವರಗಳನ್ನು ನಕಲು ಮಾಡಿ ಆಚೆ ಬದಿಯ ಟಾಸ್ಕ್ ಆ್ಯಪ್‌ನಲ್ಲಿ ಒಂದು ಟಾಸ್ಕ್ ಬರೆದಿಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ಟಪಾಲಿಗೆ ಹಾಕಿದ ಪತ್ರಕ್ಕೆ, ಬರೆದವರು ಆಮೇಲೆ ಮನಸ್ಸು ಬದಲಾಯಿಸಿದ್ದು ತಿಳಿಯುವುದಿಲ್ಲವಲ್ಲ, ಹಾಗೆಯೇ ಇದು. ಮೊತ್ತ ಅರ್ಧಕ್ಕಿಳಿದರೂ ಟಾಸ್ಕ್‌ನಲ್ಲಿ ಹಳೆಯ ಮೊತ್ತವೇ ಇರುತ್ತದೆ. ಡೀಲ್ ಬೇರೊಬ್ಬರ ಹೆಸರಿಗೆ ವರ್ಗವಾದರೂ ಟಾಸ್ಕ್ ಹಳಬರ ಪಟ್ಟಿಯಲ್ಲಿಯೇ ಉಳಿಯುತ್ತದೆ. ಡೀಲನ್ನು ಪೂರ್ತಿಯಾಗಿ ಅಳಿಸಿಹಾಕಿದರೂ ಟಾಸ್ಕ್‌ಗೆ ಅದರ ಅರಿವೇ ಇರುವುದಿಲ್ಲ. ಡೀಲ್ ಆ ಹಂತದಲ್ಲಿ ಇರುವಷ್ಟು ಕಾಲ ಟಾಸ್ಕ್ ಇರುತ್ತದೆ, ಹೊರಬಿದ್ದೊಡನೆ ತಾನಾಗಿ ಹೋಗುತ್ತದೆ ಎಂದು ನನ್ನ ಗ್ರಾಹಕರು ತಿಳಿದಿರುತ್ತಾರೆ. ಹಾಗೆ ತಿಳಿಯುವುದು ಸಹಜವೇ, ಆದರೆ ಅದನ್ನು ಪ್ರತ್ಯೇಕವಾಗಿ ಕಟ್ಟಿಕೊಡದ ಹೊರತು ಹಾಗೆ ಆಗುವುದಿಲ್ಲ.

ಇದೇ ತಪ್ಪು ತಿಳಿವಳಿಕೆ ಎದುರು ದಿಕ್ಕಿನಿಂದಲೂ ಕಾಡುತ್ತದೆ. ಒಂದು ಮಾರಾಟ ತಂಡದ ವ್ಯವಸ್ಥಾಪಕರು ಬಹಳ ಶಿಸ್ತಿನ ಮನುಷ್ಯರು. ವಾರದ ಪರಿಶೀಲನಾ ಸಭೆಯಲ್ಲಿ ಡೀಲುಗಳ ಕಾರ್ಡುಗಳನ್ನು ಒಂದು ಹಂತ ಹಿಂದಕ್ಕೆ ಎಳೆದು, ಚರ್ಚಿಸಿ, ಮತ್ತೆ ಮುಂದಕ್ಕೆ ತಳ್ಳುವುದು ಅವರ ರೂಢಿಯಾಗಿತ್ತು. ಪ್ರತಿ ಬಾರಿ ಮುಂದಕ್ಕೆ ತಳ್ಳಿದಾಗಲೂ ಡೀಲ್ ಆ ಹಂತವನ್ನು ಹೊಸದಾಗಿ ಪ್ರವೇಶಿಸಿದಂತಾಗುತ್ತಿದ್ದುದರಿಂದ ಒಂದೇ ಹೆಸರಿನ ಟಾಸ್ಕ್‌ಗಳು ಸಾಲುಗಟ್ಟಿದವು. ಬೇಸತ್ತ ಒಬ್ಬ ಉದ್ಯೋಗಿ ಒಂದು ಸಂಜೆ ಎಲ್ಲವನ್ನೂ ಒಟ್ಟಿಗೆ ಆಯ್ದು ಮುಗಿದವೆಂದು ಗುರುತು ಹಾಕಿದರು, ಅದಕ್ಕಾಗಿ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಆ ತಂಡ ಎರಡೂ ಕಡೆಯಿಂದ ಜೋಡಣೆ ಬೇಕೆಂದು ಹಟ ಹಿಡಿದು, ಟಾಸ್ಕ್ ಮುಗಿದರೆ ಡೀಲ್ ಮುಂದಿನ ಹಂತಕ್ಕೆ ಹೋಗಬೇಕೆಂಬ ಇನ್ನೊಂದು ನಿಯಮವನ್ನೂ ಮೊದಲೇ ಹಾಕಿಸಿಕೊಂಡಿತ್ತು. ಡೀಲುಗಳೆಲ್ಲ ಸಾಮೂಹಿಕವಾಗಿ ಮುನ್ನಡೆದವು, ಹಂತಕ್ಕೊಂದು ಸಂಭವನೀಯತೆಯ ಶೇಕಡಾವಾರು ಅಂಟಿಕೊಂಡಿರುವುದರಿಂದ ಅಂದಾಜು ವರಮಾನವೂ ಏರಿತು, ಮರುದಿನ ಆಡಳಿತ ಮಂಡಳಿಯವರಿಂದ ಅಭಿನಂದನೆಯೂ ಬಂತು. ಗ್ರಾಹಕರೊಡನೆ ಮಾತ್ರ ಯಾರೂ ಮಾತನಾಡಿರಲಿಲ್ಲ.

ಪರಿಹಾರ ಕಷ್ಟದ್ದಲ್ಲ, ಆದರೆ ಮೊದಲ ದಿನವೇ ಆಗಬೇಕಾದದ್ದು. ಟಾಸ್ಕ್ ಸೃಷ್ಟಿಯಾದೊಡನೆ ಟಾಸ್ಕ್ ಆ್ಯಪ್ ಅದರ ಐಡಿಯನ್ನು, ಅಂದರೆ ಅದೊಂದಕ್ಕೇ ಸೇರಿದ ಗುರುತನ್ನು, ಹಿಂತಿರುಗಿಸುತ್ತದೆ. ಸಾಮಾನ್ಯವಾಗಿ ಯಾರೂ ಅದರ ಕಡೆ ನೋಡುವುದಿಲ್ಲ. ಸಿಆರ್‌ಎಂನ ಡೀಲ್ ದಾಖಲೆಯಲ್ಲಿ ಒಂದು ಹೆಚ್ಚುವರಿ ಕಾಲಂ ಮಾಡಿ, ಮೂರನೆಯ ಹೆಜ್ಜೆಯಾಗಿ ಆ ಐಡಿಯನ್ನು ಅಲ್ಲಿ ಬರೆಯಿಸಬೇಕು. ಆಮೇಲೆ ಎರಡು ಅನುಕೂಲಗಳು ಒದಗುತ್ತವೆ: ಆ ಕಾಲಂ ಖಾಲಿಯಿದ್ದರೆ ಮಾತ್ರ ಹೊಸ ಟಾಸ್ಕ್ ಸೃಷ್ಟಿಸು ಎಂದು ಫಿಲ್ಟರ್ ಹಾಕಬಹುದು, ಮತ್ತು ಡೀಲ್ ಗೆದ್ದಾಗ ಅಥವಾ ಕೈತಪ್ಪಿದಾಗ ಅದೇ ಐಡಿಯ ಟಾಸ್ಕನ್ನು ಮುಗಿಸಿ ಕಾಲಂ ಖಾಲಿ ಮಾಡುವ ಎರಡನೆಯ ನಿಯಮವನ್ನು ಬರೆಯಬಹುದು. ಐಡಿ ಬದಲು ಹೆಸರಿನಿಂದಲೇ ಹುಡುಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಒಂದೇ ಗ್ರಾಹಕ ಸಂಸ್ಥೆಯ ಹೆಸರಿನಲ್ಲಿ ಎರಡು ಡೀಲ್ ಇರುವುದು ತೀರ ಸಾಮಾನ್ಯ, ಹೆಸರಿನ ಕೊನೆಗೆ ಯಾರೋ ಒಂದು ಚುಕ್ಕೆ ಸೇರಿಸುವುದು ಅದಕ್ಕಿಂತಲೂ ಸಾಮಾನ್ಯ.

ಐಡಿಗಳಿಗೂ ತಮ್ಮವೇ ಆದ ಸೂಕ್ಷ್ಮಗಳಿವೆ. ಸೇಲ್ಸ್‌ಫೋರ್ಸ್ ಎಂಬ ಸಿಆರ್‌ಎಂನಲ್ಲಿ ಒಂದೇ ದಾಖಲೆಯ ಐಡಿಗೆ 15 ಅಕ್ಷರಗಳ ಮತ್ತು 18 ಅಕ್ಷರಗಳ ಎರಡು ರೂಪಗಳಿದ್ದು, 15ರ ರೂಪದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಆ ವ್ಯತ್ಯಾಸವನ್ನು ಗಮನಿಸದ ಸ್ಪ್ರೆಡ್‌ಶೀಟ್‌ನಲ್ಲಿ ಹೊಂದಿಸಿ ನೋಡಿದರೆ ಎರಡು ಬೇರೆ ದಾಖಲೆಗಳು ಒಂದೇ ಎಂದು ತೋರುವ ಸಾಧ್ಯತೆಯಿದೆ, ಆದ್ದರಿಂದ 18ರ ರೂಪವನ್ನೇ ಬಳಸುವುದು ಕ್ಷೇಮ. ಅಲ್ಲಿಯೇ ಲೀಡ್ (ಇನ್ನೂ ಡೀಲ್ ಆಗದ ಸಂಭಾವ್ಯ ಗ್ರಾಹಕರ ದಾಖಲೆ) ಒಂದನ್ನು ಪರಿವರ್ತಿಸಿದಾಗ ಅಕೌಂಟ್ (ಸಂಸ್ಥೆ), ಕಾಂಟ್ಯಾಕ್ಟ್ (ವ್ಯಕ್ತಿ), ಆಪರ್ಚುನಿಟಿ (ಡೀಲ್) ಎಂಬ ಬೇರೆ ದಾಖಲೆಗಳಾಗುತ್ತವೆ, ಅವುಗಳ ಐಡಿ ಬೇರೆ. ಲೀಡ್ ಹಂತದಲ್ಲಿ ಬರೆದಿಟ್ಟ ಟಾಸ್ಕ್ ಐಡಿ ಆಪರ್ಚುನಿಟಿಯ ಕಾಲಂಗೂ ದಾಟಬೇಕೆಂದು ಮೊದಲೇ ಹೊಂದಿಸಿಡದಿದ್ದರೆ ಕೊಂಡಿ ಅಲ್ಲಿಯೇ ಕಳಚಿಕೊಳ್ಳುತ್ತದೆ.

ನಕಲು ಮಾಡುವ ವಿವರಗಳ ವಿಷಯದಲ್ಲಿ ನಾನು ಜಿಪುಣ. ಟಾಸ್ಕ್‌ನ ವಿವರಣೆಯಲ್ಲಿ ಮೊತ್ತ, ವಿಳಾಸ, ಕಳೆದ ಮಾತುಕತೆಯ ಟಿಪ್ಪಣಿ ಎಲ್ಲವೂ ಇರಲಿ ಎಂದು ಕೇಳುತ್ತಾರೆ. ಅವುಗಳಲ್ಲಿ ಪ್ರತಿಯೊಂದೂ ಹಳತಾಗುವ ದಿನವೊಂದು ಬಂದೇ ಬರುತ್ತದೆ. ಡೀಲ್‌ನ ಲಿಂಕ್ ಒಂದನ್ನು ಇಟ್ಟರೆ ಸಾಕು, ಒತ್ತಿದವರಿಗೆ ಆ ಹೊತ್ತಿನ ವಿವರವೇ ಸಿಗುತ್ತದೆ. ಫೋನ್ ಮಾಡಬೇಕಾದ ಹೊತ್ತನ್ನು ಗಡುವಿನ ಜೊತೆಗೆ ಕಳುಹಿಸುವವರು ಮಾತ್ರ ತಮ್ಮ ಆ್ಯಪ್ ಏನನ್ನು ಉಳಿಸಿಕೊಳ್ಳುತ್ತದೆ ಎಂದು ಪರೀಕ್ಷಿಸಿಕೊಳ್ಳಬೇಕು. ಗೂಗಲ್ ಟಾಸ್ಕ್ಸ್‌ನ ಎಪಿಐ (ಬೇರೆ ತಂತ್ರಾಂಶಗಳು ಅದರೊಡನೆ ವ್ಯವಹರಿಸುವ ದಾರಿ) ಗಡುವಿನ ದಿನಾಂಕವನ್ನಷ್ಟೇ ಇಟ್ಟುಕೊಂಡು ಗಂಟೆಯನ್ನು ಬಿಟ್ಟುಬಿಡುತ್ತದೆ.

ಒಂದೇ ಘಟನೆಯ ಸುದ್ದಿ ಎರಡು ಬಾರಿ ಬರುವುದೂ ಉಂಟು. ಹಬ್‌ಸ್ಪಾಟ್ ಎಂಬ ಸಿಆರ್‌ಎಂ ಕಳುಹಿಸಿದ ವೆಬ್‌ಹುಕ್‌ಗೆ (ಘಟನೆ ನಡೆದೊಡನೆ ತಾನಾಗಿ ಹೋಗುವ ಸುದ್ದಿಗೆ) ಎದುರು ಬದಿಯಿಂದ ಸರಿಯಾದ ಉತ್ತರ ಬರದಿದ್ದರೆ ಅದು 10 ಬಾರಿಯವರೆಗೆ ಮತ್ತೆ ಪ್ರಯತ್ನಿಸುತ್ತದೆ. ಮೊದಲ ಬಾರಿಯೇ ಟಾಸ್ಕ್ ಸೃಷ್ಟಿಯಾಗಿ ಉತ್ತರ ಮಾತ್ರ ತಡವಾಗಿದ್ದರೆ ಎರಡನೆಯ ಟಾಸ್ಕ್ ಹುಟ್ಟುತ್ತದೆ. ಮೇಲೆ ಹೇಳಿದ ಖಾಲಿ ಕಾಲಂನ ಪರೀಕ್ಷೆ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿಯಾಗಿ ಎಂದು ಭರವಸೆ ಕೊಡಲಾರೆ, ಏಕೆಂದರೆ ಎರಡು ಸುದ್ದಿಗಳು ಒಂದೇ ಕ್ಷಣದಲ್ಲಿ ಬಂದರೆ ಎರಡಕ್ಕೂ ಕಾಲಂ ಖಾಲಿಯಾಗಿಯೇ ಕಂಡೀತು. ಇನ್ನು ಕೆಲವು ಟ್ರಿಗರ್‌ಗಳು ಸುದ್ದಿಗಾಗಿ ಕಾಯದೆ ಆಗಾಗ ಹೋಗಿ ಇಣುಕಿ ಬರುತ್ತವೆ. ಝ್ಯಾಪಿಯರ್‌ನ ಉಚಿತ ಯೋಜನೆಯಲ್ಲಿ ಈ ಅಂತರ 15 ನಿಮಿಷ. ಅಷ್ಟರೊಳಗೆ ಡೀಲ್ ಒಂದು ಹಂತಕ್ಕೆ ಬಂದು ಹೊರಟೂ ಹೋಗಿದ್ದರೆ, ಸಿಆರ್‌ಎಂ ಏನನ್ನು ದಾಖಲಿಸಿಡುತ್ತದೆ ಎಂಬುದರ ಮೇಲೆ, ಆ ಘಟನೆ ಕಾಣದೆಯೂ ಹೋಗಬಹುದು.

ಎರಡೂ ಕಡೆಯ ಜೋಡಣೆಯನ್ನು ನಾನು ಸಾರಾಸಗಟಾಗಿ ನಿರಾಕರಿಸುವುದಿಲ್ಲ. ಅದಕ್ಕಾಗಿಯೇ ಯುನಿಟೊದಂತಹ ಸೇವೆಗಳಿವೆ, ಕೆಲವು ತಂಡಗಳಿಗೆ ಅವು ಒಗ್ಗುತ್ತವೆ. ಆದರೆ ಯಾವ ಉಪಕರಣ ತಂದರೂ ಪ್ರತಿಯೊಂದು ವಿವರಕ್ಕೂ ಒಂದೇ ಯಜಮಾನ ಕಡೆ ಯಾವುದೆಂದು ಮನುಷ್ಯರೇ ತೀರ್ಮಾನಿಸಬೇಕು. ನಾನು ಸಾಮಾನ್ಯವಾಗಿ ಸೂಚಿಸುವುದು, ಡೀಲ್‌ನ ಹಂತಕ್ಕೂ ಮೊತ್ತಕ್ಕೂ ಸಿಆರ್‌ಎಂ ಯಜಮಾನ, ಗಡುವಿಗೂ ಮುಗಿದ ಗುರುತಿಗೂ ಟಾಸ್ಕ್ ಆ್ಯಪ್ ಯಜಮಾನ. ಟಾಸ್ಕ್ ಮುಗಿದ ಸುದ್ದಿ ಡೀಲ್‌ನ ಪುಟಕ್ಕೆ ಒಂದು ಟಿಪ್ಪಣಿಯಾಗಿ ಬರಲಿ, ಹಂತವನ್ನು ಬದಲಾಯಿಸದಿರಲಿ. ಫೋನ್ ಮಾಡಿಯಾಯಿತು ಎಂಬುದು ಫೋನ್ ಮಾಡಿದ್ದಕ್ಕೆ ಸಾಕ್ಷಿಯೇ ಹೊರತು ಗ್ರಾಹಕರು ಒಪ್ಪಿದ್ದಕ್ಕಲ್ಲ. ಈ ಕಡೆಯ ಬದಲಾವಣೆ ಆ ಕಡೆ ತಟ್ಟಿ, ಆ ಕಡೆಯದು ಮತ್ತೆ ಈ ಕಡೆಯ ಟ್ರಿಗರನ್ನು ಎಬ್ಬಿಸುವ ಸುತ್ತು ತಪ್ಪುವುದೂ ಹೀಗೆ ಬೇರ್ಪಡಿಸಿದಾಗಲೇ.

ಬಳಕೆಗೆ ಬಿಡುವ ಮುನ್ನ ಒಂದು ಪರೀಕ್ಷಾ ಡೀಲನ್ನು ಹಿಂದಕ್ಕೆ ಮುಂದಕ್ಕೆ ಎಳೆದು, ಕೈತಪ್ಪಿದ್ದೆಂದು ಗುರುತಿಸಿ, ಮತ್ತೆ ಜೀವ ಕೊಟ್ಟು, ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ, ಕೊನೆಗೆ ಅಳಿಸಿ ನೋಡಬೇಕು. ನನ್ನ ಅನುಭವದಲ್ಲಿ ಹೆಚ್ಚು ಕೈಕೊಡುವುದು ವರ್ಗಾವಣೆ: ಡೀಲನ್ನು ವಹಿಸಿಕೊಂಡ ಹೊಸಬರು ಟಾಸ್ಕ್ ಆ್ಯಪ್‌ನ ಆ ಪ್ರಾಜೆಕ್ಟಿಗೆ ಸದಸ್ಯರಾಗಿಯೇ ಇರುವುದಿಲ್ಲ, ಟುಡುಯಿಸ್ಟ್‌ನಂತಹ ಆ್ಯಪ್‌ಗಳಲ್ಲಿ ಹಂಚಿಕೊಂಡ ಪ್ರಾಜೆಕ್ಟಿನ ಸದಸ್ಯರಿಗಲ್ಲದೆ ಬೇರೆಯವರಿಗೆ ಟಾಸ್ಕ್ ವಹಿಸಲು ಬರುವುದಿಲ್ಲ, ಹೀಗಾಗಿ ಆ ಹೆಜ್ಜೆ ವಿಫಲವಾಗುತ್ತದೆ ಮತ್ತು ವೈಫಲ್ಯದ ಎಚ್ಚರಿಕೆಯ ಇ-ಮೇಲ್ ಜೋಡಣೆಯನ್ನು ಮೊದಲು ಕಟ್ಟಿದವರಿಗೆ ಹೋಗುತ್ತದೆ. ಅವರು ಕೆಲಸ ಬಿಟ್ಟಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ನನ್ನನ್ನು ಕರೆಯಿರಿ.