ಡೆನಾಲಿನಾ, ಮೆಕಿನ್ಲೆನಾ? ಒಂದು ಶಿಖರದ ಹೆಸರಿನ ಜಟಾಪಟಿ

ಉತ್ತರ ಅಮೆರಿಕದ ಅತಿ ಎತ್ತರದ ಶಿಖರ ಇರುವುದು ಅಲಾಸ್ಕಾದಲ್ಲಿ. ಎತ್ತರ 6,190 ಮೀಟರ್. ಅಲ್ಲಿನ ಮೂಲನಿವಾಸಿ ಕೊಯುಕಾನ್ ಜನ ಅದನ್ನು ಡೆನಾಲಿ ಅಂತಲೇ ಕರೆಯುತ್ತಾ ಬಂದವರು. 1896ರಲ್ಲಿ ಚಿನ್ನ ಹುಡುಕಿಕೊಂಡು ಹೋದ ವಿಲಿಯಂ ಡಿಕಿ ಅದಕ್ಕೆ ಮೆಕಿನ್ಲೆ ಎಂದು ಹೆಸರಿಟ್ಟ. ವಿಲಿಯಂ ಮೆಕಿನ್ಲೆ ಆಗ ಅಧ್ಯಕ್ಷ ಚುನಾವಣೆಗೆ ನಿಂತಿದ್ದರು. ಹಣದ ಬೆಲೆಗೆ ಚಿನ್ನವೇ ಆಧಾರವಾಗಬೇಕು ಅನ್ನುವುದು ಅವರ ವಾದ. ಚಿನ್ನ ಅಗೆಯುವವನಿಗೆ ಇನ್ನೇನು ಬೇಕು? ಮೆಕಿನ್ಲೆ ಮಾತ್ರ ಅಲಾಸ್ಕಾಕ್ಕೆ ಕಾಲಿಟ್ಟವರೇ ಅಲ್ಲ. ಆದರೂ 1917ರಲ್ಲಿ ಸರ್ಕಾರ ಆ ಹೆಸರಿಗೇ ಮುದ್ರೆ ಒತ್ತಿತು.

ಅಷ್ಟರಲ್ಲಿ ಹತ್ತುವವರ ಪೈಪೋಟಿಯೂ ನಡೆದಿತ್ತು. 1906ರಲ್ಲಿ ತುದಿ ಮುಟ್ಟಿದೆ ಅಂದ ಫ್ರೆಡೆರಿಕ್ ಕುಕ್ ತೋರಿಸಿದ ಫೋಟೊ ದೂರದ ಯಾವುದೋ ಸಣ್ಣ ಗುಡ್ಡದ್ದು. 1910ರಲ್ಲಿ ಪರ್ವತಾರೋಹಣದ ಗಂಧವೇ ಇಲ್ಲದ ಗಣಿ ಕೆಲಸಗಾರರು 14 ಅಡಿಯ ಮರದ ಕಂಬ ಹೊತ್ತುಕೊಂಡು ಹತ್ತಿ, ಉತ್ತರದ ತುದಿಯ ಹತ್ತಿರ ನೆಟ್ಟು ಬಂದರು. ಎಂಥ ಗಟ್ಟಿ ಜನ! ಆದರೆ ಆ ತುದಿ ದಕ್ಷಿಣದ್ದಕ್ಕಿಂತ ಸ್ವಲ್ಪ ಕುಳ್ಳು. 1913ರ ಜೂನ್ 7ರಂದು ನಿಜವಾದ ನೆತ್ತಿಗೆ ಮೊದಲು ಕಾಲಿಟ್ಟವನು ವಾಲ್ಟರ್ ಹಾರ್ಪರ್. 20 ವರ್ಷದ ಹುಡುಗ, ತಾಯಿ ಕೊಯುಕಾನ್ ಹೆಂಗಸು. ಆ ತಂಡ ಕಟ್ಟಿದ ಪಾದ್ರಿ ಹಡ್ಸನ್ ಸ್ಟಕ್, ಬೆಟ್ಟಕ್ಕೆ ಹಳೆಯ ಹೆಸರನ್ನೇ ವಾಪಸ್ ಕೊಡಿ ಎಂದು ಆಗಲೇ ಬರೆದಿದ್ದರು.

ಯಾರೂ ಕಿವಿಗೊಡಲಿಲ್ಲ. 1975ರಲ್ಲಿ ಅಲಾಸ್ಕಾ ರಾಜ್ಯವೇ ಕೇಳಿತು. ಅಡ್ಡ ಬಂದವರು ಮೆಕಿನ್ಲೆಯ ತವರು ಓಹಿಯೊದ ಸಂಸದ ರಾಲ್ಫ್ ರೆಗುಲಾ. ಅವರ ಉಪಾಯ ಭಾರಿ ಸರಳ. ಸಂಸತ್ತಿನ ಮುಂದಿರುವ ಹೆಸರನ್ನು ಹೆಸರಿಡುವ ಮಂಡಳಿ ಮುಟ್ಟುವಂತಿಲ್ಲ ಅಂತ ನಿಯಮ. ಹಾಗಾಗಿ ಹೆಸರು ಬದಲಿಸಬಾರದು ಅನ್ನುವ ಒಂದು ಮಸೂದೆಯನ್ನು ಅವರು ಮತ್ತೆ ಮತ್ತೆ ಮಂಡಿಸುತ್ತಾ ಹೋದರು. ಅದು ಪಾಸಾಗಬೇಕಿರಲಿಲ್ಲ, ಸುಮ್ನೆ ಬಿದ್ದಿದ್ದರೆ ಸಾಕಿತ್ತು. ಇಷ್ಟರಲ್ಲೇ ದಶಕಗಳು ಕಳೆದವು. 1980ರಲ್ಲಿ ಸುತ್ತಲಿನ ರಾಷ್ಟ್ರೀಯ ಉದ್ಯಾನ ಡೆನಾಲಿ ಆಯ್ತು, ನಡುವಿನ ಬೆಟ್ಟ ಮೆಕಿನ್ಲೆಯಾಗಿಯೇ ಉಳಿಯಿತು.

2015ರಲ್ಲಿ ಒಬಾಮಾ ಸರ್ಕಾರ ಡೆನಾಲಿ ಎಂದು ಬದಲಿಸಿತು. 2025ರ ಜನವರಿಯಲ್ಲಿ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಮತ್ತೆ ಮೆಕಿನ್ಲೆ ಮಾಡುವ ಆದೇಶಕ್ಕೆ ಸಹಿ ಹಾಕಿದರು. ಡೆನಾಲಿಯೇ ಇರಲಿ ಎಂದು ಅಲಾಸ್ಕಾದ ಶಾಸನಸಭೆ ನಿರ್ಣಯ ಮಾಡಿತು. ಅಲ್ಲಿ ಟ್ರಂಪ್ ಪಕ್ಷದವರಿಗೇನೂ ಕೊರತೆ ಇಲ್ಲ ಅನ್ನೋದು ನೆನಪಿರಲಿ. ಆದೇಶ ಬೆಟ್ಟಕ್ಕೆ ಮಾತ್ರ, ಉದ್ಯಾನ ಈಗಲೂ ಡೆನಾಲಿ.